ಮೈಸೂರು–ಮಂಡ್ಯದಲ್ಲಿ ಸಸ್ಯಜನ್ಯ ಮೀನು, ಮಾಂಸ, ಹಾಲುಗಳನ್ನು ಕೊಳ್ಳುವವರು ಯಾರು?

ಕುವೆಂಪುನಗರದ ಅಂಗಡಿಯವರು

ನಾನು ಮೈಸೂರಿನ ಕುವೆಂಪುನಗರದಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದೇನೆ. ಬಟಾಣಿ, ಪರೋಟ, ಐಸ್‌ಕ್ರೀಮುಗಳನ್ನು ಇಟ್ಟಿರುವ ಫ್ರೀಜರಿನಲ್ಲಿ ಒಂದು ಅಂಕಣವನ್ನು ಸಸ್ಯಜನ್ಯ ಮೀನು, ಸೀಗಡಿ ಮತ್ತು ಕೀಮಾಗಳಿಗೆ (ಸೋಯಾ, ಬಟಾಣಿಯಂಥವುಗಳಿಂದ ಮೀನು, ಮಾಂಸವನ್ನು ಹೋಲುವಂತೆ ಮಾಡಿದ ಆಹಾರಕ್ಕೆ) ಬಿಟ್ಟುಕೊಡಬೇಕೆಂದು ವಿತರಕರೊಬ್ಬರು ಕೇಳುತ್ತಿದ್ದಾರೆ. ಪರೀಕ್ಷೆಗೆಂದು ಸ್ವಲ್ಪ ಸರಕನ್ನು ಇಟ್ಟು ನೋಡಿದ್ದೇನೆ. ಗಿರಾಕಿಗಳು ಪೊಟ್ಟಣವನ್ನು ಕೈಗೆ ತೆಗೆದುಕೊಳ್ಳುತ್ತಾರೆ, ಮೀನಿನ ಚಿತ್ರವನ್ನೂ ಅದರ ಪಕ್ಕದಲ್ಲಿರುವ ಹಸಿರು ಗುರುತನ್ನೂ ನೋಡಿ ಗೊಂದಲಕ್ಕೊಳಗಾಗುತ್ತಾರೆ, ಬೆಲೆ ಓದಿ ಹಿಂದಕ್ಕೆ ಇಡುತ್ತಾರೆ. ಕೊಂಡವರಲ್ಲಿ ಹೆಚ್ಚಿನವರು ಕಾಲೇಜು ಹುಡುಗ ಹುಡುಗಿಯರು. ಅವರೂ ಕುತೂಹಲಕ್ಕಾಗಿ ಒಮ್ಮೆ ಕೊಳ್ಳುತ್ತಾರೆಯೇ ಹೊರತು ಅದನ್ನೇ ಕೇಳಿಕೊಂಡು ಮತ್ತೆ ಬರುವವರು ಅಪರೂಪ. ಆದರೆ ಓಟ್ಸ್ ಮತ್ತು ಸೋಯಾ ಪೇಯಗಳ ಕತೆ ಬೇರೆ. ಅವುಗಳನ್ನು ಕೊಳ್ಳುವವರು ಕಡಿಮೆಯಿದ್ದರೂ ಕೊಂಡವರು ತಪ್ಪದೆ ಮರಳಿ ಬರುತ್ತಾರೆ.

ಇದು ನನ್ನೊಬ್ಬನ ಅಂಗಡಿಯ ಅನುಭವವೋ ಅಥವಾ ನಮ್ಮ ಕಡೆಯ ಜನರ ಮನೋಭಾವವೇ ಹೀಗೋ ಎಂಬುದನ್ನು ತಿಳಿಯುವ ಆಸೆಯಿದೆ. ಬಳಸಿದವರು ಏಕೆ ಬಳಸಿದಿರಿ, ಬಿಟ್ಟವರು ಏಕೆ ಬಿಟ್ಟಿರಿ ಎಂಬುದನ್ನು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ. ‘ರುಚಿಯಿಲ್ಲ’ ಎಂಬ ಒಂದೇ ಮಾತಿನಿಂದ ನನಗೆ ಹೆಚ್ಚೇನೂ ತಿಳಿಯುವುದಿಲ್ಲ.

ಮಳವಳ್ಳಿ ಕಡೆಯ ಅಡುಗೆ ಗುತ್ತಿಗೆದಾರ

ಅಂಗಡಿಯವರೇ, ಮಂಡ್ಯ ಜಿಲ್ಲೆಯಲ್ಲಿ ಬೀಗರೂಟಗಳಿಗೆ ಅಡುಗೆ ಮಾಡಿಸುವವನು ನಾನು. ನಮ್ಮಲ್ಲಿ ಬಾಡೆಂದರೆ ತಟ್ಟೆಯಲ್ಲಿರುವ ಪ್ರೊಟೀನಿನ ತುಂಡು ಮಾತ್ರವಲ್ಲ. ಯುಗಾದಿಯ ಮರುದಿನ ವರ್ಷತೊಡಕಿಗೆ ಊರಿನವರು ಹಣ ಕೂಡಿಸಿ ಮರಿ ಕೊಯ್ಸಿ, ತಲೆ, ಕಾಲು, ಬೋಟಿ, ಈಲಿ, ಮೂಳೆ, ಮೆತ್ತನೆಯ ಮಾಂಸ ಎಲ್ಲವೂ ಎಲ್ಲರಿಗೂ ಸಮನಾಗಿ ಬರುವಂತೆ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಅಂಥ ಗುಡ್ಡೆ ಮಾಂಸದಲ್ಲಿ ಪ್ರತಿಯೊಂದು ಭಾಗಕ್ಕೂ ಪ್ರತ್ಯೇಕ ಅಡುಗೆಯಿದೆ, ಪ್ರತ್ಯೇಕ ರುಚಿಯಿದೆ. ಕಾರ್ಖಾನೆಯಿಂದ ಬರುವ ಸಸ್ಯಜನ್ಯ ಮಾಂಸವು ಮೂಳೆಯಿಲ್ಲದ, ಕೊಬ್ಬಿನ ಪದರವಿಲ್ಲದ, ಒಂದೇ ಹದದ ಕೀಮಾ ಅಥವಾ ಗಟ್ಟಿಯುಂಡೆ. ಮೂಳೆಯ ರಸ ಇಳಿಯದ ಸಾರಿಗೆ ಮುದ್ದೆ ಅದ್ದುವವರು ಯಾರಿದ್ದಾರೆ? ಪಿತೃಪಕ್ಷದಲ್ಲಿ ಹಿರಿಯರ ಎಡೆಗೆ ಅವರಿಗೆ ಇಷ್ಟವಾದುದನ್ನೇ ಇಡುವ ಮನೆಗಳಲ್ಲಿ ಈ ಪೊಟ್ಟಣವನ್ನು ಬಿಚ್ಚುವ ಧೈರ್ಯ ಯಾವ ಸೊಸೆಗೂ ಬರಲಾರದು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟಕ್ಕಾಗಿ ಎಷ್ಟು ಗಟ್ಟಿಯಾದ ಬೇಡಿಕೆ ಬಂದಿತ್ತೆಂಬುದು ಇಲ್ಲಿರುವ ಎಲ್ಲರಿಗೂ ನೆನಪಿರಬಹುದು. ಅಲ್ಲಿ ಕೇಳಿದ್ದು ಹೊಟ್ಟೆ ತುಂಬಿಸುವ ಪದಾರ್ಥವನ್ನಲ್ಲ, ತಮ್ಮ ಊಟಕ್ಕೆ ಸಾರ್ವಜನಿಕ ಪಂಕ್ತಿಯಲ್ಲಿ ಸಲ್ಲಬೇಕಾದ ಮಾನ್ಯತೆಯನ್ನು.

ಹಾಗೆಂದ ಮಾತ್ರಕ್ಕೆ ನಮ್ಮವರು ದಿನವೂ ಬಾಡು ತಿನ್ನುವವರಲ್ಲ. ಸೋಮವಾರ ಒಲ್ಲದವರಿದ್ದಾರೆ, ಶನಿವಾರ ಒಲ್ಲದವರಿದ್ದಾರೆ, ಶ್ರಾವಣ ಪೂರ್ತಿ ಮುಟ್ಟದ ಮನೆಗಳೂ ಬೇಕಾದಷ್ಟಿವೆ. ‘ಆ ದಿನಗಳಿಗೆ ನಮ್ಮ ಸರಕು ಹೇಳಿ ಮಾಡಿಸಿದಂತಿದೆ’ ಎಂದು ಮಾರಾಟದ ಪ್ರತಿನಿಧಿಯೊಬ್ಬರು ನನ್ನ ಬಳಿಯೂ ಬಂದಿದ್ದರು. ಅವರಿಗೆ ತಿಳಿಯದ ವಿಷಯವೆಂದರೆ, ಬಾಡು ಬಿಟ್ಟ ದಿನ ನಮಗೆ ಬಾಡಿನ ನೆನಪು ತರುವ ಊಟವೂ ಬೇಡ. ಆ ದಿನಕ್ಕೆ ಬಸ್ಸಾರಿದೆ, ಮಸ್ಸೊಪ್ಪಿದೆ, ಕಾಲಕ್ಕೆ ತಕ್ಕಂತೆ ಹಿತಕಿದ ಅವರೆಕಾಳಿನ ಸಾರಿದೆ, ಮಳೆ ಬಿದ್ದ ಮೇಲೆ ಅಣಬೆಯಿದೆ, ಎಳೆಯ ಹಲಸಿನಕಾಯಿಯಿದೆ. ಮಾಂಸಕ್ಕೆ ಅರೆಯುವ ಮಸಾಲೆಯನ್ನೇ ಅರೆದು ಹಲಸಿನಕಾಯಿಗೆ ಹಾಕುತ್ತೇವೆ, ಆದರೆ ಅದನ್ನು ಹಲಸಿನಕಾಯಿಯೆಂದು ಹೇಳಿಯೇ ಬಡಿಸುತ್ತೇವೆ.

ಕುಡ್ಲದಿಂದ ಬಂದವಳು

ಮದುವೆಯಾಗಿ ಮಂಗಳೂರಿನಿಂದ ಮೈಸೂರಿಗೆ ಬಂದು ನೆಲೆಸಿದವಳು ನಾನು. ಮೇಲಿನ ಅಣ್ಣನವರ ಮಾತು ಮಾಂಸಕ್ಕೆ ಸರಿ. ಮೀನಿನ ವಿಷಯವೇ ಬೇರೆ, ಅದನ್ನು ಪ್ರತ್ಯೇಕವಾಗಿ ನೋಡಬೇಕು.

ಕರಾವಳಿಯವರಿಗೆ ಮೀನು ಹಬ್ಬದೂಟವಲ್ಲ, ದಿನದ ಊಟ. ಹೀಗಾಗಿ ಒಂದು ಹೊತ್ತಿಗೆ ಬದಲಿ ಪದಾರ್ಥವನ್ನು ಒಪ್ಪಿಕೊಳ್ಳುವ ಮನಸ್ಸು ನಮಗೆ ಹೆಚ್ಚೇ ಇರಬಹುದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಮೈಸೂರಿಗೆ ಬರುವ ಬಂಗಡೆ, ಬೂತಾಯಿಗಳು ಕಡಿಮೆಯಾಗಿ ಬೆಲೆ ಏರುತ್ತದೆ, ಬಂದ ಮೀನು ಎಷ್ಟು ದಿನದ್ದೆಂಬ ಅನುಮಾನವೂ ಜೊತೆಗೇ ಬರುತ್ತದೆ. ಆ ಎರಡು ತಿಂಗಳಲ್ಲಿ ನಮ್ಮ ತಾಯಂದಿರು ಒಣಮೀನನ್ನು ಹುರಿದು ಚಟ್ನಿ ಮಾಡುತ್ತಿದ್ದರು. ಸಸ್ಯಜನ್ಯ ಮೀನಿಗೆ ಇಲ್ಲೇನಾದರೂ ಜಾಗವಿದೆಯೇ ಎಂದು ನೋಡಲು ನಾನೂ ತಂದು ಅಡುಗೆ ಮಾಡಿದ್ದೇನೆ.

ಫಲಿತಾಂಶವನ್ನು ಇದ್ದಂತೆ ಹೇಳುತ್ತೇನೆ. ಮೆಣಸಿನ ಮಸಾಲೆ ಸವರಿ, ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಹುರಿದಾಗ ಮನೆಯವರು ಮರುಮಾತಿಲ್ಲದೆ ತಿಂದರು. ಅದೇ ತುಂಡನ್ನು ಪುಳಿಮುಂಚಿ ಸಾರಿಗೆ ಹಾಕಿದಾಗ ಹುಳಿಯೂ ಖಾರವೂ ಒಳಗೆ ಇಳಿಯಲಿಲ್ಲ, ತುಂಡು ರಬ್ಬರಿನಂತೆ ಬೆರಳಿಗೆ ಜಗ್ಗಿತು. ಮರುದಿನ ಹಳೆಯ ಮೀನುಸಾರಿಗೆ ಬರುವ ವಿಶೇಷ ರುಚಿಯಂತೂ ಹತ್ತಿರಕ್ಕೂ ಸುಳಿಯಲಿಲ್ಲ. ಹಾಗಾದರೆ ಹುರಿದಾಗ ಗೆದ್ದದ್ದು ಯಾವುದು? ನನ್ನ ದೃಷ್ಟಿಯಲ್ಲಿ ಮಸಾಲೆ ಮತ್ತು ರವೆ. ಅದೇ ಮಸಾಲೆಯನ್ನು ಸುವರ್ಣಗಡ್ಡೆಯ ಬಿಲ್ಲೆಗೋ ಬಾಳೆಕಾಯಿಗೋ ಹಚ್ಚಿ ಹುರಿಯುವ ಪದ್ಧತಿ ನಮ್ಮ ನೆರೆಯ ಸಸ್ಯಾಹಾರಿ ಮನೆಗಳಲ್ಲಿ ಮೊದಲಿನಿಂದಲೂ ಇದೆ. ಖರ್ಚು ಈ ಪೊಟ್ಟಣದ ಬೆಲೆಯ ಸಣ್ಣದೊಂದು ಪಾಲೂ ಆಗುವುದಿಲ್ಲ.

ಯಾದವಗಿರಿಯ ನಿವೃತ್ತ ಆಹಾರ ತಂತ್ರಜ್ಞ

ಸೋದರಿಯವರು ಕಂಡುಕೊಂಡದ್ದರ ಹಿಂದಿನ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬಹುದು. ಕುರಿ, ಕೋಳಿಗಳ ಸ್ನಾಯುವಿನಲ್ಲಿ ಉದ್ದನೆಯ ಎಳೆಗಳಿರುತ್ತವೆ. ಸೋಯಾ ಅಥವಾ ಬಟಾಣಿಯ ಪ್ರೊಟೀನನ್ನು ನೀರು, ಶಾಖ ಮತ್ತು ಒತ್ತಡಗಳಿಗೆ ಒಳಪಡಿಸಿ ಎಕ್ಸ್‌ಟ್ರೂಡರ್ ಯಂತ್ರದ ಮೂಲಕ ಹೊರದಬ್ಬಿ ತಣಿಸಿದರೆ ಅಂಥ ಎಳೆಗಳನ್ನು ಸುಮಾರಾಗಿ ಹೋಲುವ ರಚನೆ ಸಿಗುತ್ತದೆ. ಮೀನಿನ ಸ್ನಾಯು ಹಾಗಿಲ್ಲ. ಅದು ಕಿರಿದಾದ ಎಳೆಗಳ ಪದರಗಳಾಗಿ ಜೋಡಣೆಗೊಂಡಿರುತ್ತದೆ, ಪದರಗಳ ನಡುವೆ ತೆಳುವಾದ ಬಂಧಕ ಅಂಗಾಂಶವಿರುತ್ತದೆ, ಬೇಯಿಸಿದಾಗ ಅದು ಬೇಗನೆ ಕರಗಿ ಮೀನು ಹಾಳೆ ಹಾಳೆಯಾಗಿ ಬಿಡಿಸಿಕೊಳ್ಳುತ್ತದೆ. ಬೇಯುವ ಮೊದಲು ಗಟ್ಟಿಯಾಗಿದ್ದು ಬೆಂದ ಮೇಲೆ ಬಿಡಿಸಿಕೊಳ್ಳುವ ಈ ಗುಣವನ್ನು ಕಾಳಿನ ಪ್ರೊಟೀನಿನಿಂದ ತರುವುದು ಕಷ್ಟ, ಏಕೆಂದರೆ ಅದು ಸಾಮಾನ್ಯವಾಗಿ ಬಿಸಿಗೆ ಇನ್ನಷ್ಟು ಗಟ್ಟಿಯಾಗುತ್ತದೆ. ಆದ್ದರಿಂದಲೇ ತಯಾರಕರು ಮೊದಲಿಗೆ ಆರಿಸಿಕೊಂಡದ್ದು ಡಬ್ಬಿಯ ಟ್ಯೂನಾ, ಫಿಶ್ ಫಿಂಗರ್, ಸೀಗಡಿಗಳಂಥ ರೂಪಗಳನ್ನು. ನೆಸ್ಲೆ 2020ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಬಿಡುಗಡೆ ಮಾಡಿದ ‘ವೂನಾ’ ಬಟಾಣಿ ಪ್ರೊಟೀನಿನಿಂದ ಮಾಡಿದ ಟ್ಯೂನಾ ಮಾದರಿ. ಅಮೆರಿಕದ ‘ಗುಡ್ ಕ್ಯಾಚ್’ ಆರು ಬಗೆಯ ಕಾಳುಗಳ ಮಿಶ್ರಣವನ್ನು ಬಳಸಿತು. ಸೀಗಡಿಯ ಜಗಿತಕ್ಕೆ ಕೊಂಜಾಕ್ ಎಂಬ ಗೆಡ್ಡೆಯ ಹಿಟ್ಟನ್ನು ಹೆಚ್ಚಾಗಿ ಬಳಸುತ್ತಾರೆ. ಅದು ನಮ್ಮ ಸುವರ್ಣಗಡ್ಡೆಯ ಕುಲಕ್ಕೇ ಸೇರಿದ ಗಿಡವೆಂಬುದು ಮೇಲಿನ ಚರ್ಚೆಗೆ ಒಂದು ತಮಾಷೆಯ ಸೇರ್ಪಡೆ.

ವಾಸನೆಯ ಸಮಸ್ಯೆ ಇದಕ್ಕಿಂತ ಸುಲಭ. ಮೀನಿನಲ್ಲಿರುವ ಒಮೆಗಾ–3 ಕೊಬ್ಬಿನಾಮ್ಲಗಳ ಮೂಲ ಕಡಲಿನ ಸೂಕ್ಷ್ಮ ಪಾಚಿಗಳು. ಮೀನು ಅವುಗಳನ್ನು ಆಹಾರ ಸರಪಳಿಯ ಮೂಲಕ ಪಡೆದು ಮೈಯಲ್ಲಿ ಸಂಗ್ರಹಿಸುತ್ತದೆ. ಪಾಚಿಯ ಎಣ್ಣೆಯನ್ನೂ ಕಡಲಕಳೆಯನ್ನೂ ನೇರವಾಗಿ ಬಳಸಿದರೆ ಕಡಲಿನ ಪರಿಮಳವೂ ಪೋಷಕಾಂಶವೂ ಬರುತ್ತವೆ. ಆದರೆ ಪಾಚಿಯ ಎಣ್ಣೆ ದುಬಾರಿ. ಎಲ್ಲ ತಯಾರಕರೂ ಹಾಕುವುದಿಲ್ಲ. ಪೊಟ್ಟಣದ ಹಿಂಬದಿಯನ್ನು ಓದದೆ ‘ಮೀನಿನಷ್ಟೇ ಒಳ್ಳೆಯದು’ ಎಂದು ನಂಬಬಾರದು.

ಗ್ರಾಹಕರ ಮನೋಭಾವದ ಬಗ್ಗೆ ಮೈಸೂರಿನ ಚರಿತ್ರೆಯಲ್ಲೇ ಒಂದು ಪಾಠವಿದೆ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ), ಮೊದಲ ನಿರ್ದೇಶಕರಾದ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ, ಪ್ರೊಟೀನ್ ಕೊರತೆಯನ್ನು ನೀಗಿಸಲು ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’ ಎಂಬ ಪುಡಿಯನ್ನು ರೂಪಿಸಿತು. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು, ಜೊತೆಗೆ ಜೀವಸತ್ವ ಮತ್ತು ಖನಿಜಗಳು. ಪ್ರೊಟೀನ್ ಸುಮಾರು 42 ಶೇಕಡ. ಮುಂದೆ ಕಡಲೆಕಾಯಿಯ ಪ್ರೊಟೀನನ್ನು ಹಾಲಿಗೆ ಬೆರೆಸಿ ಪ್ರಮಾಣವನ್ನು ಹಿಗ್ಗಿಸುವ ‘ಮಿಲ್ಟೋನ್’ ಬಂತು. ಸಸ್ಯಜನ್ಯ ಬದಲಿ ಆಹಾರದ ಚಿಂತನೆ ಅಮೆರಿಕದ ನವೋದ್ಯಮಗಳಿಂದ ಹುಟ್ಟಿತೆಂದು ಭಾವಿಸುವ ಯುವಕರು ಇದನ್ನು ಗಮನಿಸಬೇಕು. ಪೌಷ್ಟಿಕತೆಯಲ್ಲಿ ಈ ಪದಾರ್ಥಗಳಲ್ಲಿ ಕೊರತೆಯಿರಲಿಲ್ಲ. ಆದರೂ ಪೋಷಣಾ ಕಾರ್ಯಕ್ರಮಗಳಲ್ಲಿ ಸಿಕ್ಕ ಜಾಗ ಅಂಗಡಿಯ ಕಪಾಟಿನಲ್ಲಿ ಸಿಗಲಿಲ್ಲ. ‘ಬಡವರಿಗಾಗಿ, ಕೊರತೆ ತುಂಬಲು’ ಎಂಬ ಹಣೆಪಟ್ಟಿಯಿರುವುದನ್ನು ಸ್ವಂತ ಹಣ ಕೊಟ್ಟು ಕೊಳ್ಳುವುದು ಮನುಷ್ಯ ಸ್ವಭಾವಕ್ಕೆ ಒಗ್ಗುವುದಿಲ್ಲ. ಇದಕ್ಕೆ ವಿರುದ್ಧವಾಗಿ ಸೋಯಾ ಚಂಕ್ಸ್ ತನ್ನನ್ನು ಯಾವುದಕ್ಕೂ ಬದಲಿಯೆಂದು ಒತ್ತಿ ಹೇಳಿಕೊಳ್ಳದೆ, ಪಲಾವಿಗೂ ಸಾಗುವಿಗೂ ಹಾಕಬಹುದಾದ ಒಂದು ತರಕಾರಿಯ ಹಾಗೆ ಅಡುಗೆಮನೆಗೆ ಬಂದು ಅಲ್ಲೇ ಉಳಿಯಿತು. ತಂತ್ರಜ್ಞಾನದ ದೃಷ್ಟಿಯಿಂದ ಅದೂ ಎಕ್ಸ್‌ಟ್ರೂಡರಿನಿಂದ ಬಂದದ್ದೇ.

ಅಗ್ರಹಾರದ ಅಜ್ಜಿ

ನಾವು ಹುಟ್ಟಾ ಸಸ್ಯಾಹಾರಿಗಳು. ಹಸಿರು ಗುರುತಿದೆಯೆಂದು ಮೊಮ್ಮಗ ತಂದ ‘ಮೀನಿನ’ ಪೊಟ್ಟಣವನ್ನು ನನ್ನ ಒಲೆಯ ಮೇಲೆ ಬೇಯಿಸಲು ನಾನು ಬಿಡಲಿಲ್ಲ. ಅದರಲ್ಲಿ ಮೀನಿಲ್ಲವೆಂಬುದು ನನಗೆ ತಿಳಿದಿತ್ತು. ಆದರೆ ಮನೆಯಲ್ಲಿ ಆ ವಾಸನೆ ತುಂಬಿದ ಮೇಲೆ ನಾನು ಹೇಗೆ ಊಟ ಮಾಡಲಿ? ಹುಟ್ಟಿದಾಗಿನಿಂದ ಯಾವುದರಿಂದ ದೂರವಿದ್ದೇವೆಯೋ ಅದನ್ನೇ ಹೋಲುವಂತೆ ಮಾಡಿ ನಮಗೇ ಮಾರುವುದರಲ್ಲಿ ಏನು ಜಾಣತನವಿದೆಯೋ ನನಗಂತೂ ತಿಳಿಯದು. ಮೊಮ್ಮಗ ಗೆಳೆಯನ ಮನೆಯಲ್ಲಿ ಬೇಯಿಸಿಕೊಂಡು ತಿಂದು ಚೆನ್ನಾಗಿತ್ತೆಂದು ಹೇಳಿದ. ಅದಕ್ಕೆ ನನ್ನ ತಕರಾರಿಲ್ಲ.

ಹಾಲನ್ನೂ ಬಿಟ್ಟವಳು

ಅಜ್ಜಿಯವರ ಮಾತನ್ನು ಗೌರವಿಸುತ್ತಲೇ ಒಂದು ಆಕ್ಷೇಪವನ್ನು ಮುಂದಿಡುತ್ತೇನೆ. ಇಲ್ಲಿಯವರೆಗಿನ ಚರ್ಚೆಯಲ್ಲಿ ರುಚಿ, ಸಂಪ್ರದಾಯ, ಬೆಲೆ ಎಲ್ಲವೂ ಬಂದವು, ಪ್ರಾಣಿಗಳು ಬರಲಿಲ್ಲ. ಸರಸ್ವತಿಪುರಂನ ಹಾಸ್ಟೆಲಿನಲ್ಲಿ ಓದುತ್ತಿರುವ ನಾನು ಹಾಲು, ತುಪ್ಪ, ಮೊಟ್ಟೆಗಳನ್ನೂ ಬಿಟ್ಟಿದ್ದೇನೆ. ಕುರಿ, ಕೋಳಿಗಳ ಬಗ್ಗೆ ಮರುಕವಿರುವವರಿಗೂ ಮೀನು ಜೀವಿಯೆಂಬ ಭಾವನೆ ಅಷ್ಟಾಗಿ ಬರುವುದಿಲ್ಲ. ಟ್ರಾಲ್ ಬಲೆಗಳಲ್ಲಿ ಬೇಕಾದ ಮೀನಿನೊಡನೆ ಬೇಡದ ಮರಿಗಳೂ ಇತರ ಜೀವಿಗಳೂ ಸಿಕ್ಕಿ ಸಾಯುತ್ತವೆ; ಕಡಲ ತಳವನ್ನು ಬಲೆ ಗೀರಿಕೊಂಡು ಹೋಗುತ್ತದೆ. ಈ ಕಾರಣಕ್ಕಾಗಿ ಮೀನು ಬಿಟ್ಟ, ಆದರೆ ಮೀನಿನ ರುಚಿಯನ್ನು ಮರೆಯಲಾಗದ ನನ್ನಂಥವರಿಗೆ ಈ ಪೊಟ್ಟಣ ಅನುಕರಣೆಯಲ್ಲ, ಅನುಕೂಲ.

ಆದರೂ ನಾನು ಅದನ್ನು ನಿಯಮಿತವಾಗಿ ಕೊಳ್ಳುವುದಿಲ್ಲ. ವಿದ್ಯಾರ್ಥಿಯ ಕೈಚೀಲಕ್ಕೆ ಅದು ಎಟಕುವುದಿಲ್ಲ, ಹಾಸ್ಟೆಲಿನಲ್ಲಿ ಫ್ರೀಜರೂ ಇಲ್ಲ. ನಾನು ಅಂಗಡಿಯಿಂದ ತರುವುದು ಸೋಯಾ ಪೇಯವನ್ನು ಮಾತ್ರ. ಯೋಗ ಕಲಿಯಲು ವಿದೇಶಿಯರು ಬಂದು ತಂಗುವ ಗೋಕುಲಂನ ಕೆಫೆಗಳಲ್ಲಿ ಸೋಯಾದಿಂದ ಮಾಡುವ ತೋಫುವಾಗಲಿ ಬಾದಾಮಿ ಹಾಲಿನ ಕಾಫಿಯಾಗಲಿ ಕೇಳಿದರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಅಲ್ಲಿಂದ ಒಂದೆರಡು ಮೈಲಿ ಆಚೆ ಬಂದು ದರ್ಶಿನಿಯಲ್ಲಿ ಕೇಳಿದರೆ ‘ಹಾಲು ಹಾಕದಿದ್ದರೆ ಅದು ಕಷಾಯ, ಮೇಡಂ’ ಎನ್ನುತ್ತಾರೆ. ಟಿಬೆಟನ್ನರು ನೆಲೆಸಿರುವ ಬೈಲಕುಪ್ಪೆಯ ಹೋಟೆಲುಗಳಲ್ಲಿಯೂ ತೋಫು ಸಹಜವಾದ ಪದಾರ್ಥ. ಚೀನಾದ ಬೌದ್ಧ ವಿಹಾರಗಳಲ್ಲಂತೂ ಸೋಯಾ ಕೆನೆ ಮತ್ತು ಗೋಧಿಯ ಅಂಟಿನಿಂದ ಮೀನು, ಮಾಂಸಗಳ ರೂಪದ ಅಡುಗೆ ಮಾಡುವ ಸಂಪ್ರದಾಯ ಶತಮಾನಗಳಷ್ಟು ಹಳೆಯದು. ವ್ರತಸ್ಥರು ಮಾಂಸದ ಹೋಲಿಕೆಯನ್ನೂ ಸಹಿಸುವುದಿಲ್ಲವೆಂಬುದು ಎಲ್ಲ ಕಡೆಯ ಸತ್ಯವೇನಲ್ಲ.

ಇನ್ನೊಂದು ಸಣ್ಣ ಮಾಹಿತಿ, ಅಂಗಡಿಯವರಿಗೆ ಉಪಯೋಗವಾಗಬಹುದು. ಹಸಿರು ಚುಕ್ಕೆಯಿದ್ದರೂ ಹಾಲಿನ ಅಂಶವಿರಬಹುದು. ಪ್ರಾಣಿಮೂಲದ ಯಾವುದೂ ಇಲ್ಲದ ಆಹಾರಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2022ರಲ್ಲಿ ಪ್ರತ್ಯೇಕ ನಿಯಮಗಳನ್ನೂ ವೀಗನ್ ಗುರುತನ್ನೂ ತಂದಿದೆ. ಆ ಗುರುತಿರುವ ಸರಕನ್ನು ಒಂದೆಡೆ ಇಟ್ಟರೆ ನನ್ನಂಥವರಿಗೆ ಹುಡುಕುವ ಶ್ರಮ ತಪ್ಪುತ್ತದೆ.

ಮದ್ದೂರಿನ ಹೈನುಗಾರ

ತಂಗಿ, ಹಾಲು ಬಿಟ್ಟದ್ದು ನಿನ್ನ ಆಯ್ಕೆ. ನಾನು ವಾದಕ್ಕೆ ಬರುವುದಿಲ್ಲ. ಆದರೆ ಓಟ್ಸ್ ಪೇಯ ಬಂದು ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತದೆಂದು ಹೆದರಿಸುವವರೂ ಇದ್ದಾರೆ, ಅವರಿಗಾಗಿ ಬರೆಯುತ್ತಿದ್ದೇನೆ. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿದ ಮೇಲೆ ನಂದಿನಿಯ ಟೋನ್ಡ್ ಹಾಲಿನ ಬೆಲೆ ಲೀಟರಿಗೆ 46 ರೂಪಾಯಿಯಾಯಿತು. ಓಟ್ಸ್, ಬಾದಾಮಿ ಪೇಯಗಳ ಬೆಲೆ ಇದರ ಹಲವು ಪಟ್ಟು. 2025ರ ಸೆಪ್ಟೆಂಬರ್ 22ರಿಂದ ಸೋಯಾ ಪೇಯದ ಜಿಎಸ್‌ಟಿ 12ರಿಂದಲೂ ಉಳಿದ ಸಸ್ಯಜನ್ಯ ಪೇಯಗಳದ್ದು 18ರಿಂದಲೂ ಶೇಕಡ 5ಕ್ಕೆ ಇಳಿದಿದೆ. ಅಷ್ಟರಿಂದ ಈ ಅಂತರ ಮುಚ್ಚುವುದಿಲ್ಲ. ಬೆಳಗ್ಗೆ ಡೇರಿಯಲ್ಲಿ ಅಳೆದ ಹಾಲು ಮರುದಿನ ಬಾಗಿಲಿಗೆ ಬರುವ ವ್ಯವಸ್ಥೆ ಇರುವ ಕಡೆ, ಹಾಲು ಒಗ್ಗದವರನ್ನೂ ನೇಮವಿರುವವರನ್ನೂ ಬಿಟ್ಟು ಬೇರೆ ಯಾರು ಅಷ್ಟು ದುಡ್ಡು ಕೊಡುತ್ತಾರೆ?

ನನ್ನ ತಕರಾರು ಹೆಸರಿನ ಬಗ್ಗೆ ಇತ್ತು. ಅದನ್ನು ಕಾನೂನೇ ಬಗೆಹರಿಸಿದೆ. ಕೆಚ್ಚಲಿನಿಂದ ಬಾರದ್ದಕ್ಕೆ ಹಾಲು, ಮೊಸರು, ಪನೀರ್ ಎಂಬ ಹೆಸರುಗಳನ್ನು ಬಳಸಬಾರದೆಂದು ಎಫ್‌ಎಸ್‌ಎಸ್‌ಎಐ 2021ರಲ್ಲಿ ಸೂಚಿಸಿತು. ತೆಂಗಿನ ಹಾಲು, ಕಡಲೆಕಾಯಿ ಬೆಣ್ಣೆಯಂಥ ರೂಢಿಯ ಹೆಸರುಗಳಿಗೆ ಅಡ್ಡಿಯಿಲ್ಲ. ಯುರೋಪಿನ ನ್ಯಾಯಾಲಯವೂ 2017ರಲ್ಲಿ ಇಂಥದ್ದೇ ತೀರ್ಪು ಕೊಟ್ಟಿತ್ತು. ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದು ಏನೆಂದು ಗೊತ್ತಿದ್ದರೆ ಆಯಿತು, ಕುಡಿಯುವುದು ಅವನಿಗೆ ಬಿಟ್ಟದ್ದು.

ಕುವೆಂಪುನಗರದ ಅಂಗಡಿಯವರು

ಎಲ್ಲರಿಗೂ ವಂದನೆಗಳು. ಪೇಯಗಳು ಮರುಮಾರಾಟವಾಗುವುದಕ್ಕೆ ಕಾರಣ ಈಗ ಸ್ವಲ್ಪ ತಿಳಿಯುತ್ತಿದೆ. ಅವುಗಳನ್ನು ಕೊಳ್ಳುವವರಲ್ಲಿ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ ಎನ್ನುವವರೇ ಹೆಚ್ಚು. ಅವರಿಗೆ ನಿಜವಾದ ಅಗತ್ಯವಿದೆ. ಇತ್ತೀಚೆಗೆ ಜಿಮ್ಮಿಗೆ ಹೋಗುವ ಹುಡುಗರು ಬಂದು ‘ಇದರಲ್ಲಿ ಪ್ರೊಟೀನ್ ಎಷ್ಟಿದೆ?’ ಎಂದು ಕೇಳುತ್ತಾರೆ. ಬಲ್ಲವರು ಯಾರಾದರೂ ತಿಳಿಸಬಹುದೇ?

ಆಹಾರತಜ್ಞೆ, ಮೈಸೂರು

‘ಸಸ್ಯಜನ್ಯ’ ಎಂಬ ಒಂದೇ ಹೆಸರಿನಡಿ ಬಹಳ ಭಿನ್ನವಾದ ಪದಾರ್ಥಗಳಿವೆ. ಒಣ ಸೋಯಾ ಚಂಕ್ಸ್‌ನಲ್ಲಿ ನೂರು ಗ್ರಾಮಿಗೆ ಸುಮಾರು 50 ಗ್ರಾಂ ಪ್ರೊಟೀನ್ ಇರುತ್ತದೆ. ಒಬ್ಬರು ಒಂದು ಹೊತ್ತಿಗೆ 25–30 ಗ್ರಾಂ ಬಳಸಿದರೂ ಎರಡು ಮೊಟ್ಟೆಗಳಷ್ಟು ಪ್ರೊಟೀನ್ ಸಿಗುತ್ತದೆ. ಬಟಾಣಿ ಅಥವಾ ಸೋಯಾ ಪ್ರೊಟೀನಿನಿಂದ ಮಾಡಿದ ಕೀಮಾದಲ್ಲಿಯೂ ಪ್ರಮಾಣ ಚೆನ್ನಾಗಿರುತ್ತದೆ. ಆದರೆ ಕೊಂಜಾಕ್ ಮತ್ತು ಪಿಷ್ಟಗಳಿಂದ ಮಾಡಿದ ಸೀಗಡಿಯಲ್ಲಿ ಪ್ರೊಟೀನ್ ಹೆಸರಿಗೆ ಮಾತ್ರ ಇರಬಹುದು. ನಿಜವಾದ ಸೀಗಡಿಯಾದರೋ ಬಹುಪಾಲು ನೀರು ಮತ್ತು ಪ್ರೊಟೀನುಗಳೇ. ಪೇಯಗಳಲ್ಲಿ ಸೋಯಾ ಮಾತ್ರ ಹಸುವಿನ ಹಾಲಿಗೆ ಹತ್ತಿರ ಬರುತ್ತದೆ: ನೂರು ಮಿಲಿಲೀಟರಿಗೆ ಸುಮಾರು 3 ಗ್ರಾಂ. ಬಾದಾಮಿ, ಓಟ್ಸ್ ಪೇಯಗಳಲ್ಲಿ ಸಾಮಾನ್ಯವಾಗಿ 1 ಗ್ರಾಮಿನ ಆಸುಪಾಸು. ಚಿಕ್ಕ ಮಕ್ಕಳಿಗೆ ಹಾಲಿನ ಬದಲಿಗೆ ಇವುಗಳನ್ನು ಕೊಡುವ ಮೊದಲು ವೈದ್ಯರನ್ನು ಕೇಳಬೇಕು.

ಮೂರು ಎಚ್ಚರಿಕೆಗಳನ್ನು ಅಂಗಡಿಯಲ್ಲಿಯೂ ಹೇಳಬಹುದು. ಬಿ-12 ಜೀವಸತ್ವ ಸಸ್ಯಗಳಲ್ಲಿಲ್ಲ. ಸೇರಿಸಿದ್ದರೆ ಮಾತ್ರ ಇರುತ್ತದೆ. ಸಿದ್ಧಪಡಿಸಿದ ಸಸ್ಯಜನ್ಯ ಮಾಂಸದಲ್ಲಿ ಉಪ್ಪಿನಂಶ ಹಸಿಮಾಂಸಕ್ಕಿಂತ ಬಹಳ ಹೆಚ್ಚಿರುತ್ತದೆ, ರಕ್ತದೊತ್ತಡವಿರುವವರು ನೋಡಿಕೊಳ್ಳಬೇಕು. ಮೀನು, ಸೀಗಡಿಗಳ ಅಲರ್ಜಿಯಿರುವವರಿಗೆ ಇದು ವರವೆನಿಸಿದರೂ ಸೋಯಾ, ಗೋಧಿ, ಬೀಜಗಳ ಅಲರ್ಜಿಯಿರುವವರಿಗೆ ಇದೇ ಅಪಾಯ. ‘ಸಸ್ಯಜನ್ಯ’ವೆಂದಾಕ್ಷಣ ಆರೋಗ್ಯಕರವೆಂದು ತಿಳಿಯುವ ಮನೋಭಾವ ನನ್ನ ಬಳಿಗೆ ಬರುವವರಲ್ಲಿ ಗಾಢವಾಗಿದೆ. ಮುದ್ದೆಯ ಜೊತೆ ಕಾಳಿನ ಸಾರು ಉಂಡರೆ ರಾಗಿಯಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಪ್ರೊಟೀನ್ ಘಟಕ ಕಾಳಿನಿಂದಲೂ, ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನಿನ್ ಎಂಬ ಘಟಕ ರಾಗಿಯಿಂದಲೂ ಒದಗುತ್ತವೆಂದು ಹೇಳಿದರೆ ಅದೇ ಜನ ಮುಖ ತಿರುಗಿಸುತ್ತಾರೆ. ಪೊಟ್ಟಣದಲ್ಲಿ ಬಂದದ್ದಕ್ಕೆ ಸಿಗುವ ಮರ್ಯಾದೆ ಮಡಕೆಯಲ್ಲಿ ಬೆಂದದ್ದಕ್ಕೆ ಸಿಗುವುದಿಲ್ಲವೆಂಬುದು ನನ್ನ ವೃತ್ತಿಯ ದೊಡ್ಡ ಬೇಸರ.

ಪಶ್ಚಿಮವಾಹಿನಿಯ ಮೀನಿನವರು

ಶ್ರೀರಂಗಪಟ್ಟಣದ ಬಳಿ ನಮ್ಮ ಮನೆಯವರು ಮೀನು ಮಾರುತ್ತಾರೆ. ಕಡಲ ಮೀನಿನ ಬಗ್ಗೆಯೇ ಮಾತು ನಡೆಯುತ್ತಿದೆ, ಆದರೆ ಮಂಡ್ಯದ ಕಡೆ ಹೆಚ್ಚಿನವರು ತಿನ್ನುವುದು ಕಾಟ್ಲಾ, ರೋಹು, ಜಿಲೇಬಿ, ಸಿಕ್ಕರೆ ಕೊರವ. ಕೆರೆ, ಕಾಲುವೆ, ಅಣೆಕಟ್ಟೆಯ ಮೀನಿನಲ್ಲಿ ಮುಳ್ಳು ಹೆಚ್ಚು, ಕಡಲಿನ ವಾಸನೆಯಿಲ್ಲ. ಕಡಲಕಳೆ ಹಾಕಿ ಮಾಡಿದ ಪೊಟ್ಟಣದ ಮೀನು ನಮ್ಮ ಗಿರಾಕಿಗೆ ಮೊದಲೇ ಪರಕೀಯ.

ನಂಬಿಕೆಯ ವಿಷಯವನ್ನೂ ಹೇಳಬೇಕು. ಗಿರಾಕಿ ಬಂದು ಕಿವಿರು ಎತ್ತಿ ಕೆಂಪಗಿದೆಯೇ ಎಂದು ನೋಡುತ್ತಾನೆ, ಕಣ್ಣು ನೋಡುತ್ತಾನೆ, ಬೆರಳಿನಿಂದ ಒತ್ತುತ್ತಾನೆ, ಎದುರಿಗೇ ಕತ್ತರಿಸಿಕೊಂಡು ಹೋಗುತ್ತಾನೆ. 2018ರಲ್ಲಿ ಕೇರಳ, ಗೋವಾಗಳಲ್ಲಿ ಮೀನಿಗೆ ಫಾರ್ಮಲಿನ್ ಹಾಕುತ್ತಾರೆಂಬ ಸುದ್ದಿ ಎದ್ದಾಗ ಹೊರಗಿನಿಂದ ಬರುವ ಮೀನಿನ ಬಗ್ಗೆ ಜನ ಹೆದರಿದರು. ಎದುರಿಗೆ ಒದ್ದಾಡುವ ಮೀನಿನ ಬಗ್ಗೆ ಯಾರಿಗೂ ಹೆದರಿಕೆಯಿರಲಿಲ್ಲ. ಆ ಹೆದರಿಕೆಯೇ ಸಸ್ಯಜನ್ಯ ಮೀನಿಗೆ ದಾರಿ ಮಾಡಿಕೊಡಬಹುದೆಂದು ಒಬ್ಬರು ನನ್ನೊಡನೆ ವಾದಿಸಿದರು. ನಾನು ಒಪ್ಪುವುದಿಲ್ಲ. ಕಿವಿರು ಎತ್ತಿ ನೋಡಿ ಕೊಳ್ಳುವವನಿಗೆ ಓದಲೂ ಬಾರದ ಹತ್ತಾರು ಪದಾರ್ಥಗಳ ಪಟ್ಟಿಯಿಂದ ಹೇಗೆ ನಂಬಿಕೆ ಬಂದೀತು?

ಗಂಗೋತ್ರಿಯ ಸಂಶೋಧನಾರ್ಥಿ

ಮಾನಸಗಂಗೋತ್ರಿಯಲ್ಲಿ ಗ್ರಾಹಕ ವರ್ತನೆಯನ್ನು ಅಭ್ಯಾಸ ಮಾಡುತ್ತಿರುವ ನನಗೆ ಈ ಚರ್ಚೆ ಹಲವು ಸಮೀಕ್ಷೆಗಳಿಗಿಂತ ಹೆಚ್ಚು ತಿಳಿಸಿದೆ. 2019ರಲ್ಲಿ ಪ್ರಕಟವಾದ, ಅಮೆರಿಕ, ಚೀನಾ ಮತ್ತು ಭಾರತಗಳ ಗ್ರಾಹಕರನ್ನು ಹೋಲಿಸಿದ ಅಧ್ಯಯನವೊಂದರಲ್ಲಿ ಸಸ್ಯಜನ್ಯ ಮಾಂಸವನ್ನು ಕೊಳ್ಳುವ ಇಚ್ಛೆ ಅಮೆರಿಕಕ್ಕಿಂತ ಭಾರತ, ಚೀನಾಗಳಲ್ಲಿಯೇ ಹೆಚ್ಚಾಗಿ ಕಂಡಿತ್ತು. ಅದನ್ನು ಓದಿ ಉತ್ಸಾಹಗೊಂಡ ಹೂಡಿಕೆದಾರರು ಬಹಳ. ಆದರೆ ಅಂತರ್ಜಾಲದ ಮೂಲಕ ಉತ್ತರಿಸಿದ ಭಾರತೀಯರಲ್ಲಿ ನಗರವಾಸಿಗಳೂ ಸುಶಿಕ್ಷಿತರೂ ಹೆಚ್ಚಿದ್ದರು. ಮಳವಳ್ಳಿಯ ಬೀಗರೂಟದ ಪಂಕ್ತಿಯಲ್ಲಿ ಕೂತವರನ್ನು ಯಾರೂ ಕೇಳಿರಲಿಲ್ಲ. ಅಲ್ಲದೆ ‘ಕೊಳ್ಳುವಿರಾ?’ ಎಂಬ ಪ್ರಶ್ನೆಗೆ ಹೌದೆನ್ನಲು ಖರ್ಚಿಲ್ಲ. ಸಸ್ಯಜನ್ಯ ಮಾಂಸ ತಯಾರಿಸುವ ಅಮೆರಿಕದ ಬಿಯಾಂಡ್ ಮೀಟ್ ಕಂಪನಿಯ ಷೇರು 2019ರ ಮೇ ತಿಂಗಳಲ್ಲಿ 25 ಡಾಲರಿಗೆ ಮಾರುಕಟ್ಟೆಗೆ ಬಂದು, ಅದೇ ವರ್ಷದ ಜುಲೈನಲ್ಲಿ 200 ಡಾಲರನ್ನು ದಾಟಿ, 2023ರ ಕೊನೆಗೆ 10 ಡಾಲರಿಗಿಂತ ಕೆಳಗಿಳಿಯಿತು. ಮೊದಲ ಖರೀದಿಯ ಭರಾಟೆಯನ್ನು ಅಭ್ಯಾಸವೆಂದು ಎಣಿಸಿದ್ದರ ಫಲವೂ ಅದರಲ್ಲಿದೆ. ಅಂಗಡಿಯವರು ತಮ್ಮ ಫ್ರೀಜರಿನಲ್ಲಿ ಕಂಡದ್ದೂ ಅದೇ.

ಹೊಸ ಆಹಾರದ ಬಗೆಗಿನ ಅಳುಕನ್ನು ಅಳೆಯಲು ಪ್ಲೈನರ್ ಮತ್ತು ಹಾಬ್ಡನ್ ಎಂಬ ಸಂಶೋಧಕರು 1992ರಲ್ಲಿ ರೂಪಿಸಿದ ಮಾಪನವೊಂದಿದೆ. ಇಲ್ಲಿ ಬರೆದವರ ಹಿಂಜರಿಕೆಯನ್ನು ಅದರಿಂದ ಅಳೆಯಲಾಗದೆಂದು ನನಗೆ ತೋರುತ್ತದೆ. ಗುತ್ತಿಗೆದಾರರಿಗೆ ಅಳುಕಿಲ್ಲ, ಆ ಪದಾರ್ಥಕ್ಕೆ ತಮ್ಮ ಊಟದಲ್ಲಿ ಜಾಗವಿಲ್ಲವೆನ್ನುತ್ತಾರೆ. ಅಜ್ಜಿಯವರಿಗೆ ಹೋಲಿಕೆಯೇ ಬೇಡ. ಕರಾವಳಿಯ ಸೋದರಿಯವರು ತಂದು, ಬೇಯಿಸಿ, ತೂಗಿ ನೋಡಿ ಬಿಟ್ಟವರು. ನಿಜಕ್ಕೂ ಹೋಲಿಕೆಯನ್ನು ಬಯಸುವವರು ರುಚಿ ಬಲ್ಲವರಾಗಿದ್ದು ಅದನ್ನು ಬಿಟ್ಟವರು ಮಾತ್ರ, ಅವರ ಸಂಖ್ಯೆ ನಮ್ಮಲ್ಲಿ ಬಹಳ ಸಣ್ಣದು. ಮಾಂಸಾಹಾರಿಗಳೇ ಬಹುಸಂಖ್ಯಾತರಾಗಿರುವ ರಾಜ್ಯವಿದು; ಉಳಿದವರಲ್ಲಿ ಹೆಚ್ಚಿನವರು ಎಂದೂ ಮಾಂಸ ತಿಂದವರೇ ಅಲ್ಲ. ತಯಾರಕರು ಈ ಎರಡೂ ಗುಂಪುಗಳನ್ನು ತಮ್ಮ ಗಿರಾಕಿಗಳೆಂದು ಲೆಕ್ಕ ಹಾಕಿಕೊಂಡಿರುವುದೇ ತೊಡಕು.

ಅಂಗಡಿಯವರಿಗೆ ಒಂದು ಸಲಹೆಯಿದೆ. ಕೀಮಾವನ್ನು ಮೀನು, ಸೀಗಡಿಗಳ ಜೊತೆಗಿಡದೆ ಪನೀರ್ ಮತ್ತು ಬಟಾಣಿಯ ಪಕ್ಕಕ್ಕೆ ಇಟ್ಟು, ಸಮೋಸಕ್ಕೂ ಪಲ್ಯಕ್ಕೂ ಬಳಸಬಹುದೆಂದು ಚೀಟಿ ಅಂಟಿಸಿ ನೋಡಿ. ಎಷ್ಟು ಮಾರಿತೆನ್ನುವುದಕ್ಕಿಂತ ಎರಡನೆಯ ಬಾರಿ ಕೊಂಡವರು ಎಷ್ಟು ಜನ ಎಂಬುದನ್ನು ಬರೆದಿಟ್ಟುಕೊಳ್ಳಿ.

ಮಳವಳ್ಳಿ ಕಡೆಯ ಅಡುಗೆ ಗುತ್ತಿಗೆದಾರ

ಸಮೋಸದ ಮಾತು ಬಂದದ್ದರಿಂದ ಹೇಳುತ್ತೇನೆ. ನಾಮಕರಣ, ಗೃಹಪ್ರವೇಶಗಳಿಗೆ ಸಸ್ಯಾಹಾರಿ ಊಟ ಕೇಳುವವರಿಗೆ ನಾನು ಸೋಯಾ ಪುಡಿಯಲ್ಲಿ ಕೈಮದುಂಡೆ (ಕೀಮಾ ಉಂಡೆ) ಮಾಡಿಸುವುದುಂಟು. ಕಡಲೆಹಿಟ್ಟು, ಸಬ್ಬಸಿಗೆ ಸೊಪ್ಪು, ಕಾಯಿತುರಿ ಹಾಕಿ ಉಂಡೆ ಕಟ್ಟಿ ಕರಿದರೆ ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳುತ್ತಾರೆ. ಅದನ್ನು ಕೈಮವೆಂದು ತಿಂದವರಿಲ್ಲ, ಸೋಯಾ ಉಂಡೆಯೆಂದೇ ತಿಂದವರು. ಒಂದು ಕಿಲೋ ಸೋಯಾ ಪುಡಿ ನೆನೆದು ಹಿಗ್ಗಿದಾಗ ನೂರಾರು ಉಂಡೆಯಾಗುತ್ತದೆ. ಪೊಟ್ಟಣದ ಕೀಮಾ ಹಾಕಿದರೆ ಎಲೆಯ ಲೆಕ್ಕದಲ್ಲಿ ನನಗೆ ಗಿಟ್ಟುವುದಿಲ್ಲ.

ಕುವೆಂಪುನಗರದ ಅಂಗಡಿಯವರು

ಹಾಗಾದರೆ ನನ್ನ ಲೆಕ್ಕ ಹೀಗಿದೆ. ಸೀಗಡಿ ಮತ್ತು ಮೀನಿನ ತುಂಡುಗಳನ್ನು ವಿತರಕರಿಗೆ ಹಿಂದಿರುಗಿಸುತ್ತೇನೆ. ಬೇಕೆನ್ನುವವರಿಗೆ ಹೇಳಿದ ಮೇಲೆ ತರಿಸಿಕೊಡುತ್ತೇನೆ. ರವೆ ಹಚ್ಚಿದ ಫಿಶ್ ಫಿಂಗರ್ ಮಾದರಿಯನ್ನು ಮಾತ್ರ ಜೂನ್, ಜುಲೈ ತಿಂಗಳುಗಳಲ್ಲಿ ಇಟ್ಟು ನೋಡುತ್ತೇನೆ. ಕೀಮಾ ಪನೀರಿನ ಪಕ್ಕಕ್ಕೆ ಹೋಗುತ್ತದೆ. ವೀಗನ್ ಗುರುತಿನ ಪೇಯಗಳಿಗೆ ಫ್ರೀಜರ್ ಬೇಕಿಲ್ಲದ ಕಾರಣ ಅವುಗಳಿಗೆ ಒಂದು ಪೂರ್ತಿ ಕಪಾಟನ್ನೇ ಕೊಡುತ್ತೇನೆ. ನಮ್ಮ ಬೀದಿಯಲ್ಲಿ ಕರೆಂಟು ಹೋದಾಗ ಫ್ರೀಜರಿನಲ್ಲಿರುವ ಸಸ್ಯಜನ್ಯ ಸರಕು ಎಷ್ಟು ಹೊತ್ತು ತಾಳುತ್ತದೆ? ಮಾಂಸವಲ್ಲದ್ದರಿಂದ ಚಿಂತೆಯಿಲ್ಲವೆಂದು ವಿತರಕರು ಹೇಳುತ್ತಾರೆ.

ಯಾದವಗಿರಿಯ ನಿವೃತ್ತ ಆಹಾರ ತಂತ್ರಜ್ಞ

ವಿತರಕರ ಆ ಮಾತನ್ನು ನಂಬಬೇಡಿ. ನೀರು ಮತ್ತು ಪ್ರೊಟೀನ್ ಎರಡೂ ಇರುವ ಆಹಾರ ಸೂಕ್ಷ್ಮಾಣುಗಳಿಗೆ ಒಂದೇ. ಅದು ಕಾಳಿನಿಂದ ಬಂದಿತೋ ಮೀನಿನಿಂದ ಬಂದಿತೋ ಎಂದು ಅವು ವಿಚಾರಿಸುವುದಿಲ್ಲ. ಮೈನಸ್ 18 ಡಿಗ್ರಿಯಲ್ಲಿಯೇ ಇಡಬೇಕು. ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಒಂದು ದಿನದವರೆಗೂ ತಣ್ಣಗಿರಬಲ್ಲದು. ಅರ್ಧ ಖಾಲಿಯಿದ್ದರೆ ಆ ಅವಧಿ ಬಹಳ ಕಡಿಮೆಯಾಗುತ್ತದೆ. ಪೂರ್ತಿ ಕರಗಿ ಮೆತ್ತಗಾದ ಪೊಟ್ಟಣವನ್ನು ಮತ್ತೆ ಹೆಪ್ಪುಗಟ್ಟಿಸಿ ಮಾರಬೇಡಿ. ಸುರಕ್ಷತೆಯ ಮಾತು ಹಾಗಿರಲಿ, ಒಳಗಿನ ನೀರು ಹರಳುಗಟ್ಟಿ ಎಳೆಗಳನ್ನು ಒಡೆದು, ಇರುವ ಅಲ್ಪಸ್ವಲ್ಪ ಜಗಿತವನ್ನೂ ಕೆಡಿಸುತ್ತದೆ. ಗಿರಾಕಿಗೆ ಮೊದಲ ಸಲ ಸಿಕ್ಕಿದ್ದು ಅಂಥ ಪೊಟ್ಟಣವಾದರೆ ಅವರು ಎರಡನೆಯ ಸಲ ಬರುವ ಮಾತೇ ಇಲ್ಲ. ಫ್ರೀಜರಿನೊಳಗೆ ಒಂದು ಉಷ್ಣಮಾಪಕವನ್ನು ಇಡಿ, ಬೆಳಗ್ಗೆ ಅಂಗಡಿ ತೆರೆದ ಕೂಡಲೇ ಅದನ್ನು ಓದಿ ಬರೆದಿಟ್ಟುಕೊಳ್ಳಿ.